ಜೀನಿನ ಕೆಳಗೆ ಏನಿತ್ತು?

ನಾವು ಕಡಲು ದಾಟಿ ಈ ಕಡೆಗೆ ಬಂದವರು. ನಮಗಿಂತ ಏಳುನೂರು ವರ್ಷ ಮೊದಲು ಇದೇ ಕಡಲಿನ ಮೇಲೆ ಎದುರು ದಿಕ್ಕಿನಲ್ಲಿ ಹೋಗುತ್ತಿದ್ದದ್ದು ಕುದುರೆಗಳು. ಕ್ರಿ.ಶ. 1300ರ ಸುಮಾರಿನಲ್ಲಿ ಬರೆದ ಪರ್ಷಿಯಾದ ಇತಿಹಾಸಕಾರ ವಸ್ಸಾಫ್, ಕುದುರೆ ಹಡಗುಗಳು ಹೊರಡುತ್ತಿದ್ದ ಊರುಗಳ ಪಟ್ಟಿ ಕೊಟ್ಟಿದ್ದಾನೆ: ಕತೀಫ್, ಲಹ್ಸಾ, ಬಹ್ರೈನ್, ಹೊರ್ಮುಜ್, ಕಲ್ಹಾತ್. ಲಹ್ಸಾ ಎಂದರೆ ಇಂದಿನ ಅಲ್ ಅಹ್ಸಾ. ಕಲ್ಹಾತ್ ಇರುವುದು ಒಮಾನಿನ ಸೂರ್ ಪಟ್ಟಣದ ಹತ್ತಿರ. ಈ ಸಂಚಿಕೆ ಓದುತ್ತಿರುವವರಲ್ಲಿ ಕೆಲವರಾದರೂ ಈ ಹೆಸರುಗಳನ್ನು ದಿನಾ ರಸ್ತೆಯ ಬೋರ್ಡಿನ ಮೇಲೆ ನೋಡುತ್ತಾ ಡ್ಯೂಟಿಗೆ ಹೋಗುವವರೇ.

ಒಂದು ಕುದುರೆಗೆ 220 ಕೆಂಪು ಚಿನ್ನದ ದೀನಾರ್ ಬೆಲೆ ಎಂದು ವಸ್ಸಾಫ್ ಬರೆಯುತ್ತಾನೆ. ದಾರಿಯಲ್ಲಿ ಸತ್ತ ಕುದುರೆಗೂ ಹಣ ಕೊಡಬೇಕು ಎಂಬುದು ಒಪ್ಪಂದ. ಆಗ ಕೊಳ್ಳುತ್ತಿದ್ದವರು ಮಾಬರ್ ಎಂದರೆ ತಮಿಳು ಕರಾವಳಿಯ ಪಾಂಡ್ಯ ದೊರೆಗಳು. ಎರಡು ಶತಮಾನ ಕಳೆಯುವಷ್ಟರಲ್ಲಿ ಕೊಳ್ಳುವವರಲ್ಲಿ ದೊಡ್ಡವರು ನಮ್ಮ ವಿಜಯನಗರದವರಾದರು. ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿಟ್ಟ ಪ್ರಕಾರ ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ ಮೂರರಂತೆ, ಬದುಕಿರಲಿ ಸತ್ತಿರಲಿ, ಕುದುರೆ ಕೊಳ್ಳುತ್ತಿದ್ದ. ಕಡಲಿನಲ್ಲಿ ಸತ್ತದ್ದರ ಬಾಲವನ್ನು ಕತ್ತರಿಸಿ ತಂದು ತೋರಿಸಿದರೆ ಸಾಕು, ದುಡ್ಡು ಎಣಿಸುತ್ತಿದ್ದರು. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ, ಅದರಲ್ಲಿ ಒಳ್ಳೆಯವನ್ನು ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದವನ್ನು ನಾಯಕರಿಗೆ ಕೊಡುತ್ತಿದ್ದ ಎಂದೂ ನುನಿಜ್ ಹೇಳುತ್ತಾನೆ. ಹಂಪಿಯ ಹಜಾರ ರಾಮ ದೇವಸ್ಥಾನದ ಹೊರಗೋಡೆಯ ಮೇಲೆ ಸಾಲುಸಾಲಾಗಿ ನಡೆಯುವ ಆ ಕುದುರೆಗಳನ್ನು ರಜೆಗೆ ಹೋದಾಗ ನೀವೂ ಕಂಡಿರಬಹುದು.

ಇಷ್ಟನ್ನು ನಮ್ಮ ಸಂಘದ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ, ಕೇಳುತ್ತೇವೆ. ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. ಇಷ್ಟು ದುಡ್ಡು ಸುರಿದು ತಂದ ಪ್ರಾಣಿ ಎಷ್ಟು ದಿನ ಬಾಳುತ್ತಿತ್ತು? ಮಾಬರಿಗೆ ಹೋಗಿದ್ದ ಮಾರ್ಕೊ ಪೋಲೊ ಕೊಡುವ ಉತ್ತರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ದೊರೆಯೊಬ್ಬ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಂಡರೆ ವರ್ಷದ ಕೊನೆಗೆ ನೂರು ಉಳಿಯುವುದಿಲ್ಲ, ಸಾಕುವುದು ಗೊತ್ತಿಲ್ಲದೆ ಸಾಯಿಸುತ್ತಾರೆ ಎನ್ನುತ್ತಾನೆ. ಇನ್ನೂ ಒಂದು ಮಾತು ಸೇರಿಸುತ್ತಾನೆ: ಕುದುರೆ ಮಾರುವ ವ್ಯಾಪಾರಿಗಳು ಕುದುರೆ ವೈದ್ಯರನ್ನು ಮಾತ್ರ ಆ ಕಡೆಗೆ ಹೋಗಗೊಡುವುದಿಲ್ಲ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಸತ್ತಷ್ಟೂ ವ್ಯಾಪಾರ. ಪೋಲೊ ಕೆಲವು ಕಡೆ ಉಬ್ಬಿಸಿ ಹೇಳುವವನೇ ಆದರೂ, ಮಾರುವವನ ಲೆಕ್ಕಾಚಾರದ ಬಗ್ಗೆ ಅವನು ವೆನಿಸಿನ ವ್ಯಾಪಾರಿಯಾಗಿ ಹೇಳಿದ ಮಾತನ್ನು ನಾವು ನಂಬುತ್ತೇವೆ.

ವಸ್ಸಾಫ್ ಇನ್ನಷ್ಟು ವಿವರ ಕೊಡುತ್ತಾನೆ. ಹಡಗಿನಿಂದ ಇಳಿದ ಕುದುರೆಗಳನ್ನು ಗೂಟ ಹಗ್ಗ ಹಾಕಿ ನಲವತ್ತು ದಿನ ಲಾಯದಲ್ಲಿ ಕಟ್ಟಿ, ಮೈ ತುಂಬಲಿ ಎಂದು ತಿನ್ನಿಸುತ್ತಿದ್ದರಂತೆ. ಹುರಿದ ಕಾಳು, ಬೆಣ್ಣೆ ಬೆರೆಸಿದ ಧಾನ್ಯ, ಕಾಯಿಸಿದ ಹಸುವಿನ ಹಾಲು. ಆಮೇಲೆ ಯಾವ ಪಳಗಿಸುವಿಕೆಯೂ ಇಲ್ಲದೆ, ರಿಕಾಪು ಮುಂತಾದ ಸಾಮಾನೂ ಇಲ್ಲದೆ ಒಮ್ಮೆಲೇ ಹತ್ತಿ ಓಡಿಸುತ್ತಿದ್ದರು. ಗಾಳಿಯಂತೆ ಓಡುವ ಕುದುರೆಗಳು ಸ್ವಲ್ಪ ಕಾಲದಲ್ಲೇ ನಿಶ್ಶಕ್ತವಾಗಿ, ಮಂಕಾಗಿ, ಕೆಲಸಕ್ಕೆ ಬಾರದೆ ಹೋಗುತ್ತಿದ್ದವು. ಅವನು ಬೆನ್ನಿನ ಮಾತು ಎತ್ತಿಲ್ಲ. ಆದರೆ ಇಂದಿನ ಪಶುವೈದ್ಯರ ಕೈಗೆ ಈ ಸಾಲುಗಳನ್ನು ಕೊಟ್ಟರೆ ಅವರು ತಟ್ಟನೆ ಒಂದು ಕಾಯಿಲೆಯ ಹೆಸರು ಹೇಳುತ್ತಾರೆ. ಹಳೆಯ ಯುರೋಪಿನ ಗಾಡಿ ಕುದುರೆಗಳಲ್ಲಿ ಅದಕ್ಕೆ ‘ಸೋಮವಾರದ ಕಾಯಿಲೆ’ ಎಂದೇ ಹೆಸರಿತ್ತು. ಭಾನುವಾರ ಕೆಲಸವಿಲ್ಲ, ಆದರೆ ಮೇವು ಕಾಳು ಪೂರ್ತಿ. ಸೋಮವಾರ ಗಾಡಿ ಕಟ್ಟಿದ ಸ್ವಲ್ಪ ಹೊತ್ತಿಗೆ ಸೊಂಟ, ಬೆನ್ನಿನ ಸ್ನಾಯುಗಳು ಕಲ್ಲಿನಂತೆ ಬಿಗಿದು ಕುದುರೆ ನಿಂತಲ್ಲೇ ನಿಲ್ಲುತ್ತದೆ, ಮೈಯೆಲ್ಲ ಬೆವರು, ಮೂತ್ರ ಕಾಫಿಯ ಬಣ್ಣ. ಸ್ನಾಯು ಒಡೆದು ಅದರ ಬಣ್ಣದ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೋಗುವುದರಿಂದ ಹಾಗಾಗುತ್ತದೆ. ನಲವತ್ತು ದಿನ ಕಟ್ಟಿ ತಿನ್ನಿಸಿ ಒಂದೇ ದಿನ ಓಡಿಸಿದ ಕುದುರೆಗೆ ಇದೇ ಆಗಿರಬೇಕು ಎಂಬುದು ನಮ್ಮ ಊಹೆ. ಸಾಕುವವರ ಕಣ್ಣಿಗೆ ಅದು ಪ್ರೀತಿಯಿಂದ ತಿನ್ನಿಸಿದ್ದು. ಕಾರಣ ಆ ಬುಟ್ಟಿಯಲ್ಲೇ ಇತ್ತು.

ನಮ್ಮವರು ಕುದುರೆಯ ಬಗ್ಗೆ ಏನೂ ತಿಳಿಯದವರು ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನ ಶಾಸ್ತ್ರವೇ ಇದೆ. ಕನ್ನಡದಲ್ಲಿ ಹಸುಗಳಿಗೆ ಕೀರ್ತಿವರ್ಮನ ‘ಗೋವೈದ್ಯ’ ಇದ್ದಂತೆ ಕುದುರೆಗಳಿಗೆ 1400ರ ಸುಮಾರಿನ ಅಭಿನವಚಂದ್ರನ ‘ಅಶ್ವವೈದ್ಯ’ ಇದೆ. ಪುಸ್ತಕ ಇರುವುದು ಬೇರೆ, ಲಾಯದಲ್ಲಿ ಕೆಲಸ ಮಾಡುವವನ ಕೈಗೆ ಅದು ತಲುಪುವುದು ಬೇರೆ. ಇದು ಆಸ್ಪತ್ರೆಯಲ್ಲೂ ನಾವು ದಿನಾ ಕಾಣುವ ಸಂಗತಿ. ಇನ್ನು ಮಾತಿನ ವಿಷಯಕ್ಕೆ ಬಂದರೆ, ಕುದುರೆಯ ಜೊತೆಗೇ ಹಡಗು ಹತ್ತಿ ಬಂದ ಶಬ್ದಗಳು ನಮ್ಮಲ್ಲಿ ಎಷ್ಟಿವೆ ನೋಡಿ: ಜೀನು, ಲಗಾಮು, ಸವಾರ ಪರ್ಷಿಯನ್ನಿನಿಂದ, ರಿಕಾಪು ಅರಬ್ಬಿಯ ರಿಕಾಬ್‌ನಿಂದ, ಲಾಳ ಅರಬ್ಬಿಯ ನಅಲ್‌ನಿಂದ. ಇಲ್ಲಿನ ಅರಬರು ಮಾತ್ರ ಜೀನಿಗೆ ಸರ್ಜ್ ಎನ್ನುತ್ತಾರೆ.

ಈಗ ಆ ಜೀನಿನ ವಿಚಾರಕ್ಕೇ ಬರೋಣ.

ಕುದುರೆಯ ಬೆನ್ನು ನೋಡಲು ಸೇತುವೆಯಂತಿದೆ, ಆದರೆ ಅದು ಭಾರ ಹೊರಲೆಂದು ಕಟ್ಟಿದ ಸೇತುವೆಯಲ್ಲ. ಎದೆಯ ಭಾಗದಲ್ಲಿ 18 ಬೆನ್ನೆಲುಬು ಮಣಿಗಳು, ಅದರ ಹಿಂದೆ ಸೊಂಟದಲ್ಲಿ ಸಾಮಾನ್ಯವಾಗಿ 6. ಪ್ರತಿ ಮಣಿಯಿಂದ ಮೇಲಕ್ಕೆ ಒಂದು ಮುಳ್ಳಿನಂಥ ಎಲುಬು ಎದ್ದಿರುತ್ತದೆ. ಹೆಗಲ ಹತ್ತಿರ ಈ ಮುಳ್ಳುಗಳು ಉದ್ದವಾಗಿ ಎದ್ದು ಅಲ್ಲೊಂದು ದಿಬ್ಬ ಆಗಿದೆ. ಮುಳ್ಳಿನ ತುದಿಗೂ ಚರ್ಮಕ್ಕೂ ನಡುವೆ ಮಾಂಸ ಬಹಳ ಕಡಿಮೆ. ಮಾಂಸ ಇರುವುದು ಅದರ ಎರಡು ಪಕ್ಕದಲ್ಲಿ. ಆದ್ದರಿಂದ ಭಾರ ಬೀಳಬೇಕಾದದ್ದು ಪಕ್ಕದ ಮಾಂಸದ ಮೇಲೆ, ನಡುವಿನ ಎಲುಬಿನ ಸಾಲು ಗಾಳಿಯಾಡುವಂತೆ ಬಿಟ್ಟಿರಬೇಕು. ಒಳ್ಳೆಯ ಜೀನಿನ ಇಡೀ ಗುಟ್ಟು ಇಷ್ಟೇ. ಇಷ್ಟನ್ನು ಕಂಡುಕೊಳ್ಳಲು ಮನುಷ್ಯನಿಗೆ ಶತಮಾನಗಳು ಬೇಕಾದವು. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫೊನ್ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದಾಗ ಗ್ರೀಕರಲ್ಲಿ ಜೀನೇ ಇರಲಿಲ್ಲ, ಬಟ್ಟೆ ಹಾಸಿ ಕೂರುತ್ತಿದ್ದರು. ಕುದುರೆ ಆರಿಸುವಾಗ ಎಲುಬು ಎದ್ದು ಕಾಣುವುದಕ್ಕಿಂತ ಎರಡು ಪಕ್ಕ ಮಾಂಸ ತುಂಬಿ ನಡುವೆ ತಗ್ಗಿರುವ ಬೆನ್ನನ್ನು ನೋಡಿ ಆರಿಸಿ ಎಂದು ಅವನು ಹೇಳಿದ್ದ. ಆಮೇಲೆ ಮರದ ಚೌಕಟ್ಟಿನ ಜೀನು ಬಂತು, ರಿಕಾಪು ಬಂತು, ಸವಾರನಿಗೆ ಸುಖವಾಯಿತು. ಕುದುರೆಗೆ ಸುಖವಾಯಿತೋ ಇಲ್ಲವೋ ಎಂಬುದು ಆ ಮರವನ್ನು ಕೆತ್ತಿದ ಜೀನಗಾರನ ಕೈಯಲ್ಲಿತ್ತು.

ಯಾಕೆಂದರೆ ಬಟ್ಟೆ ಬಾಗುತ್ತದೆ, ಮರ ಬಾಗುವುದಿಲ್ಲ. ಪ್ರತಿ ಕುದುರೆಯ ಬೆನ್ನೂ ಬೇರೆ ಬೇರೆ. ಒಂದೇ ಕುದುರೆಯ ಬೆನ್ನು ಕೂಡ ಮೇವು ಇದ್ದಾಗ ಒಂದು ಥರ, ಇಲ್ಲದಾಗ ಇನ್ನೊಂದು ಥರ. ಸೈನ್ಯಕ್ಕೆ ಮಾತ್ರ ಸಾವಿರಾರು ಜೀನು ಒಂದೇ ಅಳತೆಯಲ್ಲಿ ಬೇಕು. ಹೀಗಾಗಿ ಬೆನ್ನಿನ ಹುಣ್ಣು ಪ್ರಪಂಚದ ಎಲ್ಲ ಸೈನ್ಯಗಳ ಹಳೆಯ ರೋಗ. ಮುಲಾಮು ಹಚ್ಚುವುದು, ಎಣ್ಣೆ ಸವರುವುದು, ಉಪ್ಪುನೀರಿನಲ್ಲಿ ತೊಳೆಯುವುದು, ಎರಡು ವಾರ ಬಿಟ್ಟು ಮತ್ತೆ ಅದೇ ಜೀನು ಹಾಕುವುದು, ಮತ್ತೆ ಅದೇ ಜಾಗದಲ್ಲಿ ಹುಣ್ಣು. ಎಷ್ಟೋ ಕಾಲ ನಡೆದದ್ದು ಹೀಗೆ.

ಹುಣ್ಣನ್ನು ಬಿಟ್ಟು ಕಾರಣದ ಬೆನ್ನು ಹತ್ತಿದವರಲ್ಲಿ ಬ್ರಿಟಿಷ್ ಸೇನೆಯ ಪಶುವೈದ್ಯ ಫ್ರೆಡರಿಕ್ ಸ್ಮಿತ್ ಅವರ ಹೆಸರು ಮುಖ್ಯ. ಭಾರತದಲ್ಲೂ ಕೆಲವು ವರ್ಷ ಕೆಲಸ ಮಾಡಿದ್ದವರು. 1891ರಲ್ಲಿ ಜೀನು ಮತ್ತು ಬೆನ್ನಿನ ಹುಣ್ಣುಗಳ ಮೇಲೆ ಒಂದು ಕೈಪಿಡಿಯನ್ನೇ ಬರೆದರು. ಮುಂದೆ ಸೇನೆಯ ಪಶುವೈದ್ಯ ವಿಭಾಗದ ಮುಖ್ಯಸ್ಥರೂ ಆದರು. ಆ ಕಾಲದಲ್ಲಿ ಬೆಳೆದು ಬಂದ ವಿಧಾನ ನೋಡಿದರೆ ನಮಗೆ ಪೊಲೀಸ್ ತನಿಖೆಯ ನೆನಪಾಗುತ್ತದೆ. ಮೊದಲ ಪ್ರಶ್ನೆ ‘ಯಾವ ಔಷಧಿ?’ ಎಂಬುದಲ್ಲ, ‘ಗಾಯ ಎಲ್ಲಿದೆ?’ ಎಂಬುದು.

ಹೆಗಲ ದಿಬ್ಬದ ನೆತ್ತಿಯ ಮೇಲೆ ಗಾಯವಿದ್ದರೆ ಜೀನಿನ ಮುಂದಿನ ಕಮಾನು ಕೆಳಗಿಳಿದು ಎಲುಬಿನ ಮೇಲೆ ಕೂತಿದೆ ಎಂದರ್ಥ. ಒಂದೋ ಕಮಾನು ಅಗಲ ಹೆಚ್ಚಾಗಿದೆ, ಇಲ್ಲವೇ ಕುದುರೆ ಸೊರಗಿ ಪಕ್ಕದ ಮಾಂಸ ಕರಗಿದೆ. ಅದೇ ದಿಬ್ಬದ ಎರಡು ಬದಿಯಲ್ಲಿ ಗಾಯವಿದ್ದರೆ ಕಮಾನು ಇಕ್ಕಟ್ಟಾಗಿ ಚಿಮಟದ ಹಾಗೆ ಹಿಡಿದಿದೆ. ಬೆನ್ನೆಲುಬಿನ ಸಾಲಿನ ಮೇಲೆಯೇ ಗಾಯವಿದ್ದರೆ ಕೆಳಗೆ ಹಾಸಿದ ಕಂಬಳಿಯನ್ನು ಕಮಾನಿನೊಳಕ್ಕೆ ಮೇಲೆತ್ತದೆ ಹಾಗೇ ಬಿಗಿದಿದ್ದಾರೆ. ಹಿಂದೆ ಸೊಂಟದ ಮೇಲಿದ್ದರೆ ಜೀನಿನ ಹಿಂದಿನ ಮರದ ತುದಿ ಒತ್ತುತ್ತಿದೆ, ಅಥವಾ ಹಿಂದೆ ಕಟ್ಟಿದ ಗಂಟು ಮೂಟೆ ಕುಣಿದು ಕುಣಿದು ಹೊಡೆಯುತ್ತಿದೆ. ಮೊಣಕೈ ಹಿಂದೆ ಇದ್ದರೆ ಹೊಟ್ಟೆಪಟ್ಟಿಯದು. ಒಂದೇ ಪಕ್ಕಕ್ಕಿದ್ದರೆ ಸವಾರ ಸೊಟ್ಟಗೆ ಕೂರುತ್ತಾನೆ, ಅಥವಾ ಬಂದೂಕು ಕತ್ತಿಗಳ ಭಾರ ಒಂದು ಕಡೆಗೇ ಇದೆ. ಕುದುರೆಯೇ ಒಂದು ಕಾಲು ಕುಂಟುತ್ತಾ ಮೈ ತಿರುಚಿ ನಡೆಯುತ್ತಿರಲೂಬಹುದು. ಈ ಕೊನೆಯದನ್ನು ಹಿಡಿಯುವುದು ಕಷ್ಟ. ಇಂದಿಗೂ ಬೆನ್ನು ನೋವೆಂದು ಬರುವ ಕುದುರೆಗಳಲ್ಲಿ ಬಹಳಷ್ಟಕ್ಕೆ ಮೂಲ ಕಾಲಿನಲ್ಲಿರುತ್ತದೆ, ನೋವು ತೋರಿಸುವುದು ಬೆನ್ನಿನಲ್ಲಿ.

ಚರ್ಮ ಒಡೆಯುವ ಮೊದಲೇ ಸುಳಿವು ಹುಡುಕುವ ಉಪಾಯಗಳೂ ಇದ್ದವು. ಓಡಿ ಬಂದ ಕುದುರೆಯ ಜೀನು ತೆಗೆದ ತಕ್ಷಣ ಬೆನ್ನನ್ನು ನೋಡಬೇಕು. ಎಲ್ಲ ಕಡೆ ಬೆವರಿನಿಂದ ಒದ್ದೆಯಾಗಿ, ನಡುವೆ ಅಂಗೈಯಷ್ಟು ಜಾಗ ಮಾತ್ರ ಒಣಗಿದ್ದರೆ ಅನುಭವವಿಲ್ಲದವನು ‘ಇಲ್ಲೇನೂ ತಾಗಿಲ್ಲ’ ಎಂದುಕೊಳ್ಳುತ್ತಾನೆ. ನಿಜ ಅನೇಕ ವೇಳೆ ತಿರುಗುಮುರುಗು. ಅಲ್ಲಿ ಒತ್ತಡ ಎಷ್ಟಿತ್ತೆಂದರೆ ಬೆವರೂ ಹೊರಬರಲು ಸಾಧ್ಯವಾಗಿಲ್ಲ. ಕಂದು ಕುದುರೆಯ ಬೆನ್ನಿನ ಮೇಲೆ ಬಿಳಿ ಕೂದಲಿನ ಮಚ್ಚೆ ಕಂಡರೆ ಅದು ಅನೇಕ ವೇಳೆ ಹುಟ್ಟುಮಚ್ಚೆ ಅಲ್ಲ, ಹಿಂದೆ ಯಾವಾಗಲೋ ಅಲ್ಲಿ ಕೂದಲಿಗೆ ಬಣ್ಣ ಕೊಡುವ ಕೋಶಗಳು ಸಾಯುವಷ್ಟು ಒತ್ತಿತ್ತು ಎಂಬ ದಾಖಲೆ. ಬೆರಳ ತುದಿಯಿಂದ ಹೆಗಲಿನಿಂದ ಸೊಂಟದವರೆಗೆ ಹಿತವಾಗಿ ಒತ್ತುತ್ತಾ ಹೋದರೆ ನೋವಿನ ಜಾಗ ಬಂದಾಗ ಕುದುರೆ ಬೆನ್ನು ಕೆಳಗೆ ಕುಸಿಯುತ್ತದೆ, ಕಿವಿ ಹಿಂದಕ್ಕೆ ಹಾಕುತ್ತದೆ.

ಒತ್ತಡ ಹೇಗೆ ಹುಣ್ಣಾಗುತ್ತದೆ ಎಂಬುದು ನಮ್ಮಂಥ ಆಸ್ಪತ್ರೆಯವರಿಗೆ ಹೊಸದೇನಲ್ಲ. ವಾರ್ಡಿನಲ್ಲಿ ಮಗ್ಗುಲು ತಿರುಗಿಸದೆ ಮಲಗಿಸಿದ ರೋಗಿಗೆ ಆಗುವ ಬೆಡ್ ಸೋರ್ ಇದೇ. ಎಲುಬಿಗೂ ಗಟ್ಟಿ ವಸ್ತುವಿಗೂ ನಡುವೆ ಸಿಕ್ಕ ಚರ್ಮದ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಗಂಟೆಗಟ್ಟಲೆ ಹಾಗೇ ಇದ್ದರೆ ಆ ತುಂಡು ಒಳಗಿನಿಂದಲೇ ಸಾಯುತ್ತದೆ. ಸಂಜೆ ನೋಡಿದಾಗ ಏನೂ ಇರುವುದಿಲ್ಲ. ಬೆಳಿಗ್ಗೆ ತಟ್ಟೆಯಷ್ಟು ಬಾವು. ಆದ್ದರಿಂದಲೇ ಹಳೆಯ ಅಶ್ವದಳದವರು ದೂರದ ಸವಾರಿಯ ನಂತರ ಜೀನನ್ನು ಒಮ್ಮೆಲೇ ಕಿತ್ತು ತೆಗೆಯುತ್ತಿರಲಿಲ್ಲ. ಪಟ್ಟಿ ಸಡಿಲಿಸಿ ಸ್ವಲ್ಪ ಹೊತ್ತು ಹಾಗೇ ಬಿಟ್ಟು, ರಕ್ತ ನಿಧಾನವಾಗಿ ಮರಳಲು ಸಮಯ ಕೊಡುತ್ತಿದ್ದರು. ಗಾಯವಾದ ಮೇಲೂ ಮುಖ್ಯ ಚಿಕಿತ್ಸೆ ಡಬ್ಬಿಯಲ್ಲಿರಲಿಲ್ಲ, ಕತ್ತರಿಯಲ್ಲಿತ್ತು. ಗಾಯಕ್ಕೆ ಸರಿಯಾಗಿ ಕೆಳಹಾಸಿನಲ್ಲಿ ತೂತು ಕತ್ತರಿಸಿ ಆ ಜಾಗವನ್ನು ಏನೂ ಮುಟ್ಟದಂತೆ ಮಾಡುವುದು. ಮೂವತ್ತು ಥರ ಮುಲಾಮು ಕಪಾಟಿನಲ್ಲಿ ಇಟ್ಟುಕೊಂಡವರು ನಾವು. ಆದರೂ ಆ ಕತ್ತರಿಗೇ ನಮ್ಮ ಓಟು.

ಈ ತಿಳಿವಳಿಕೆಗೆ ತೆತ್ತ ಬೆಲೆ ಸಣ್ಣದಲ್ಲ. 1899ರಿಂದ 1902ರವರೆಗಿನ ದಕ್ಷಿಣ ಆಫ್ರಿಕಾ ಯುದ್ಧದಲ್ಲಿ ಬ್ರಿಟಿಷರು ಮೂರು ಲಕ್ಷಕ್ಕೂ ಹೆಚ್ಚು ಕುದುರೆಗಳನ್ನು ಕಳೆದುಕೊಂಡರು. ಗುಂಡಿಗಿಂತ ಹೆಚ್ಚಾಗಿ ಹಸಿವು, ರೋಗ, ದಣಿವು, ಅತಿಭಾರ ಅವನ್ನು ಕೊಂದವು. ಹಡಗಿನಲ್ಲಿ ವಾರಗಟ್ಟಲೆ ನಿಂತು ಬಂದ ಕುದುರೆಗಳನ್ನು ಚೇತರಿಸಿಕೊಳ್ಳಲು ಬಿಡದೆ ನೇರ ಯುದ್ಧಕ್ಕೆ ಕಳುಹಿಸಿದ್ದರು. ಮಾಬರಿನ ಕಥೆಯೇ ಮತ್ತೆ. ಆ ಯುದ್ಧದ ಪಶುವೈದ್ಯ ಇತಿಹಾಸವನ್ನು ಬರೆದವರೂ ಇದೇ ಸ್ಮಿತ್. 1903ರಲ್ಲಿ ಸೇನೆಗೆ ಪ್ರತ್ಯೇಕ ಪಶುವೈದ್ಯ ದಳ ಬಂತು. 1912ರ ಹೊಸ ಮಾದರಿ ಜೀನಿನಲ್ಲಿ ಪಕ್ಕದ ಹಲಗೆಗಳು ಸ್ವಲ್ಪ ಆಡುವಂತೆ ಮಾಡಿದರು, ಕುದುರೆ ದಪ್ಪವಾದರೂ ಸೊರಗಿದರೂ ಹೊಂದಿಕೊಳ್ಳಲಿ ಎಂದು. ಕೆಳಗಿನ ಕಂಬಳಿಯನ್ನು ಕುದುರೆ ಬಡವಾದಂತೆ ಹೆಚ್ಚು ಮಡಿಕೆ ಮಾಡಿ ಹಾಕುವುದನ್ನು ಪ್ರತಿ ಸವಾರನಿಗೂ ಕಲಿಸಿದರು. ಆಗಾಗ ನಿಂತು ಇಳಿಯಬೇಕು, ಪಟ್ಟಿ ಸಡಿಲಿಸಬೇಕು, ಸ್ವಲ್ಪ ದೂರ ಪಕ್ಕದಲ್ಲಿ ನಡೆಯಬೇಕು ಎಂಬುದು ಅಭ್ಯಾಸವಾಯಿತು.

ಅದರ ಪರೀಕ್ಷೆ 1914ರ ಆಗಸ್ಟಿನಲ್ಲಿ ನಡೆಯಿತು. ಫ್ರೆಂಚ್ ಅಶ್ವದಳದವರು ಬಿರುಬಿಸಿಲಿನಲ್ಲಿ ದಿನಗಟ್ಟಲೆ ಕುದುರೆಯಿಂದ ಇಳಿಯದೆ ತಿರುಗಿದರು. ಕೆಲವೇ ವಾರಗಳಲ್ಲಿ ಅವರ ಕುದುರೆಗಳ ಬೆನ್ನು ಹಸಿ ಮಾಂಸವಾಗಿ, ದಳ ಹತ್ತಿರ ಬಂದರೆ ಕೀವಿನ ವಾಸನೆಯಿಂದಲೇ ಗೊತ್ತಾಗುತ್ತಿತ್ತು ಎಂದು ಜೊತೆಯಲ್ಲಿದ್ದ ಬ್ರಿಟಿಷರು ಬರೆದಿದ್ದಾರೆ. ಸವಾರನ ಸುಖ ಕುದುರೆಯ ಬೆನ್ನಿನ ಖರ್ಚಿನಲ್ಲಿ ನಡೆದ ಲೆಕ್ಕ ಅದು.

ನಮ್ಮ ಊರಿನ ಕುದುರೆ ಸವಾರರೂ ಆ ಯುದ್ಧದಲ್ಲಿದ್ದರು, ಅದೂ ಈ ಮರಳಿನ ದೇಶಗಳಲ್ಲೇ. 1914ರ ಕೊನೆಗೆ ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿಗೆ ಬಂದಿಳಿದರು. ಹೈದರಾಬಾದ್, ಪಟಿಯಾಲ ಲ್ಯಾನ್ಸರ್‌ಗಳ ಜೊತೆ ಸೂಯೆಜ್ ಕಾಲುವೆ ಕಾದರು. ಆಮೇಲೆ ಸಿನಾಯ್, ಪ್ಯಾಲೆಸ್ಟೀನ್. ಆ ಯುದ್ಧರಂಗದಲ್ಲಿ ಸವಾರ, ಶಸ್ತ್ರ, ನೀರು, ಮೇವು ಎಲ್ಲ ಸೇರಿ ಒಂದು ಕುದುರೆಯ ಮೇಲೆ 120 ಕಿಲೋಗಿಂತ ಹೆಚ್ಚು ಭಾರ ಸಾಮಾನ್ಯವಾಗಿತ್ತು. 1918ರ ಸೆಪ್ಟೆಂಬರಿನ ದೊಡ್ಡ ಮುನ್ನಡೆಯಲ್ಲಿ ಒಂದು ಅಶ್ವ ಡಿವಿಷನ್ 34 ಗಂಟೆಯಲ್ಲಿ ಸುಮಾರು 110 ಕಿಲೋಮೀಟರ್ ಹೋಯಿತು. ಸೆಪ್ಟೆಂಬರ್ 23ರಂದು ಹೈಫಾ. ಜೋಧಪುರದವರು ಊರಿನ ಕಡೆ ನುಗ್ಗಿದರೆ ಮೈಸೂರಿನವರ ಪಾಲಿಗೆ ಬಂದದ್ದು ಕಾರ್ಮೆಲ್ ಗುಡ್ಡದ ಮೇಲಿನ ಫಿರಂಗಿಗಳು. ಕಲ್ಲು ಮುಳ್ಳಿನ ಆ ಏರನ್ನು ಹತ್ತಿ ಫಿರಂಗಿ ಹಿಡಿದದ್ದನ್ನು ನಾವು ಶಾಲೆಯಲ್ಲಿ ಓದಲಿಲ್ಲ, ದೊಡ್ಡವರಾದ ಮೇಲೆ ಓದಿದೆವು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು ಎಂಬುದು ಎಷ್ಟು ಜನರಿಗೆ ಗೊತ್ತೋ. ಶೌರ್ಯದ ಮಾತು ಬಂದಾಗ ನಮ್ಮ ಮನಸ್ಸು ಹೋಗುವುದು ಇನ್ನೊಂದು ಕಡೆಗೆ. ನಾಲ್ಕು ವರ್ಷ ಮರಳಿನಲ್ಲಿ ತಿರುಗಿ, ಕೊನೆಯ ದಿನ ಗುಡ್ಡ ಹತ್ತಲು ಬೆನ್ನು ಉಳಿಸಿಕೊಂಡ ಕುದುರೆ ಎಂದರೆ, ಪ್ರತಿ ರಾತ್ರಿ ಅದರ ಜೀನು ತೆಗೆದು, ಬೆನ್ನು ಸವರಿ, ಕಂಬಳಿಯಲ್ಲಿ ಸಿಕ್ಕಿದ ಮರಳಿನ ಹರಳು ಮುಳ್ಳು ಆರಿಸಿದವನೊಬ್ಬ ಇದ್ದಿರಲೇಬೇಕು. ಅಂಥವರ ಹೆಸರು ಸ್ಮಾರಕದ ಮೇಲೆ ಬರುವುದಿಲ್ಲ.

ಯುದ್ಧ ಮುಗಿದ ಮೇಲೆ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟರು. ಹನ್ನೆರಡು ವರ್ಷದ ನಂತರ ಕೈರೋಗೆ ಬಂದ ಡೊರೊಥಿ ಬ್ರೂಕ್ ಎಂಬ ಇಂಗ್ಲಿಷ್ ಮಹಿಳೆ ಬೀದಿಗಳಲ್ಲಿ ಗಾಡಿ ಎಳೆಯುತ್ತಿದ್ದ ಮುದಿ ಯುದ್ಧದ ಕುದುರೆಗಳನ್ನು ಕಂಡು, ಪತ್ರಿಕೆಗೆ ಪತ್ರ ಬರೆದು ಹಣ ಎತ್ತಿ, 1934ರಲ್ಲಿ ಅಲ್ಲಿ ಪ್ರಾಣಿಗಳ ಆಸ್ಪತ್ರೆ ತೆರೆದರು. ಅದು ಈಗಲೂ ನಡೆಯುತ್ತಿದೆ.

ಇಷ್ಟೆಲ್ಲ ಓದುವಾಗ ನಮಗೆ ನಮ್ಮ ಕೌಂಟರಿನ ಮುಂದೆ ನಿಲ್ಲುವವರು ನೆನಪಾಗದೆ ಇರುವುದಿಲ್ಲ. ಕಾರ್ಗೋದಲ್ಲಿ ಲೋಡಿಂಗ್ ಮಾಡುವ ಹುಡುಗರು, ಟ್ರೇಲರ್ ಓಡಿಸುವ ಅಣ್ಣಂದಿರು, ದಿನವಿಡೀ ಬಗ್ಗಿ ಟೈಲ್ಸ್ ಕೂರಿಸುವವರು. “ಅಣ್ಣಾ, ಬೆನ್ನು ಹಿಡ್ಕೊಂಡ್ಬಿಟ್ಟಿದೆ, ಸ್ಟ್ರಾಂಗ್ ಆಗಿರೋದು ಏನಾದ್ರೂ ಕೊಡಿ, ನಾಳೆ ಡ್ಯೂಟಿ ಇದೆ.” ಮಾತ್ರೆ ಕೊಡಬಹುದು, ನೋವು ಇಳಿಯುತ್ತದೆ, ನಾಳೆ ಅದೇ ಬೆನ್ನು ಅದೇ ಭಾರದ ಕೆಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದ ಮೈಗೆ ಈ ನೋವಿನ ಮಾತ್ರೆಗಳನ್ನು ದಿನಾ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಒಬ್ಬ ಡ್ರೈವರ್ ಅಣ್ಣನಿಗೆ ಬಲ ಸೊಂಟದಿಂದ ತೊಡೆಯವರೆಗೆ ನೋವು, ತಿಂಗಳಾಗಿತ್ತು. ಎಲ್ಲಿ ನೋವು, ಯಾವ ಪಕ್ಕ, ಕೂತಾಗಲೋ ನಿಂತಾಗಲೋ ಎಂದು ಕೇಳುತ್ತಾ ಹೋದಾಗ ಹಿಂದಿನ ಜೇಬಿನಿಂದ ಪರ್ಸು ತೆಗೆದು ಮೇಜಿನ ಮೇಲಿಟ್ಟರು. ಲೈಸೆನ್ಸು, ಗುರುತಿನ ಚೀಟಿ, ನಾಲ್ಕೈದು ಕಾರ್ಡು, ಮಕ್ಕಳ ಫೋಟೋ, ಹಳೆಯ ರಸೀದಿಗಳು. ಎರಡು ಬೆರಳು ದಪ್ಪ. ದಿನಕ್ಕೆ ಹತ್ತು ಗಂಟೆ ಅದರ ಮೇಲೆ ಸೊಟ್ಟಗೆ ಕೂರುತ್ತಿದ್ದರು. ಡಾಕ್ಟರ ಹತ್ತಿರ ಕಳಿಸಿದೆವು, ಪರ್ಸನ್ನು ಎದೆಯ ಜೇಬಿಗೆ ಹಾಕಿಸಿದೆವು. ಎಲ್ಲರ ಕಾರಣವೂ ಅಷ್ಟು ಸುಲಭವಾಗಿ ಜೇಬಿನಿಂದ ಹೊರಬರುವುದಿಲ್ಲ ನಿಜ. ಐವತ್ತು ಕಿಲೋ ಮೂಟೆ ಹೊರುವವನಿಗೆ ಕಾರಣ ಗೊತ್ತೇ ಇದೆ, ಇಳಿಸುವ ಅಧಿಕಾರ ಅವನಿಗಿಲ್ಲ.

ಕುದುರೆಗೂ ನಮ್ಮ ಕಪಾಟಿನ ಇತಿಹಾಸಕ್ಕೂ ಸೇರುವ ಜಾಗ ಒಂದಿದೆ. 1949ರಲ್ಲಿ ಫಿನೈಲ್‌ಬ್ಯುಟಜೋನ್ ಎಂಬ ಮಾತ್ರೆ ಮನುಷ್ಯರ ಸಂಧಿವಾತಕ್ಕೆಂದು ಬಂತು. ರಕ್ತ ಹುಟ್ಟುವ ಮಜ್ಜೆಯನ್ನೇ ಕೆಲವರಲ್ಲಿ ಕೆಡಿಸುತ್ತದೆಂದು ಗೊತ್ತಾಗಿ ಮನುಷ್ಯರಿಂದ ಅದು ಬಹುಮಟ್ಟಿಗೆ ಹಿಂದೆ ಸರಿಯಿತು. ಕುದುರೆಗಳಲ್ಲಿ ಉಳಿಯಿತು. ‘ಬ್ಯೂಟ್’ ಎಂದು ಕರೆಯುತ್ತಾರೆ. ಒಳ್ಳೆಯ ಔಷಧಿ, ಅಗ್ಗದ ಔಷಧಿ, ಕಾರಣವನ್ನು ಮುಚ್ಚಿಡುವ ಔಷಧಿ. 1968ರ ಕೆಂಟಕಿ ಡರ್ಬಿಯಲ್ಲಿ ಮೊದಲು ಬಂದ ‘ಡ್ಯಾನ್ಸರ್ಸ್ ಇಮೇಜ್’ ಎಂಬ ಕುದುರೆಯ ಮೂತ್ರದಲ್ಲಿ ಇದು ಸಿಕ್ಕಿ ಗೆಲುವನ್ನೇ ಕಿತ್ತುಕೊಂಡರು. ನೋವು ತಿಳಿಯದ ಕುದುರೆ ತನ್ನ ಗಾಯದ ಮೇಲೆಯೇ ಓಡುತ್ತದೆ, ಸವಾರನಿಗೂ ಗೊತ್ತಾಗುವುದಿಲ್ಲ.

ಔಷಧಿಯೇ ಕಾರಣ ಹುಡುಕಿಕೊಡುವ ಕೆಲಸವೂ ಇದೆ, ಅದು ನಮಗೆ ಬಹಳ ಇಷ್ಟವಾದ ಭಾಗ. ಕೆಲವು ಕುದುರೆಗಳ ಬೆನ್ನಿನ ಮೇಲೆ ಗಾಯವಿಲ್ಲ, ಜೀನೂ ಸರಿಯಿದೆ, ಆದರೆ ಪಟ್ಟಿ ಬಿಗಿಯಲು ಹೋದರೆ ಕಚ್ಚುತ್ತವೆ, ಹತ್ತಿದರೆ ಬೆನ್ನು ಕುಗ್ಗಿಸುತ್ತವೆ, ಇಳಿಜಾರಿನಲ್ಲಿ ಮುಂದೆ ಹೋಗುವುದಿಲ್ಲ. ಹಟಮಾರಿ ಎಂದು ಹೊಡೆತ ತಿಂದ ಕುದುರೆಗಳಲ್ಲಿ ಇಂಥವು ಎಷ್ಟಿದ್ದವೋ. ಬ್ರಿಟನ್ನಿನ ಪಶುವೈದ್ಯ ಲಿಯೊ ಜೆಫ್‌ಕಾಟ್ 1980ರಲ್ಲಿ ಬೆನ್ನಿನ ತೊಂದರೆಯ 443 ಕುದುರೆಗಳ ವಿವರ ಒಟ್ಟುಗೂಡಿಸಿ ಪ್ರಕಟಿಸಿದರು. ಜೀನು ಕೂರುವ ಜಾಗದ ಕೆಳಗೆ ಆ ಮುಳ್ಳೆಲುಬುಗಳು ಒಂದಕ್ಕೊಂದು ತಾಗಿ ಉಜ್ಜಿಕೊಳ್ಳುವ ಕಾಯಿಲೆ ಇಂಥ ಕೆಲಸಗಳಿಂದ ಎಲ್ಲರ ಗಮನಕ್ಕೆ ಬಂತು. ಆದರೆ ಎಕ್ಸ್‌ರೇ ತೆಗೆದರೆ ನೋವೇ ಇಲ್ಲದ ಎಷ್ಟೋ ಕುದುರೆಗಳಲ್ಲೂ ಎಲುಬು ಹಾಗೆ ತಾಗಿರುವುದು ಕಾಣುತ್ತದೆ. ಚಿತ್ರ ಇದ್ದರೆ ಸಾಲದು, ನೋವು ಅಲ್ಲಿಂದಲೇ ಬರುತ್ತಿದೆಯೇ ಎಂದು ಗೊತ್ತಾಗಬೇಕು. ಅದಕ್ಕೆ ಉಪಾಯ ಸರಳ. ಅನುಮಾನವಿರುವ ಎಲುಬುಗಳ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, ಅದೇ ಸವಾರ ಅದೇ ಜೀನು ಹಾಕಿ ಓಡಿಸಿ ನೋಡುತ್ತಾರೆ. ಕುದುರೆ ಹಗುರವಾಗಿ ಹೆಜ್ಜೆ ಹಾಕಿದರೆ ಕಳ್ಳ ಸಿಕ್ಕಂತೆ. ಇಲ್ಲದಿದ್ದರೆ ಕಾಲು ನೋಡಬೇಕು, ಹಲ್ಲು ನೋಡಬೇಕು, ಸವಾರ ಕೂರುವ ರೀತಿಯನ್ನೂ ನೋಡಬೇಕು. ನೋವನ್ನು ಕೆಲವು ಗಂಟೆ ಮಾತ್ರ ತೆಗೆಯುವುದು, ಅದೂ ಅದರ ಮನೆ ಪತ್ತೆಹಚ್ಚಲು.

ಚಳಿಗಾಲದಲ್ಲಿ ಇಲ್ಲಿನ ಮರಳುಗಾಡಿನಲ್ಲಿ ದೂರದ ಕುದುರೆ ಓಟಗಳು ನಡೆಯುತ್ತವೆ. 1998ರಲ್ಲಿ ದುಬೈಯಲ್ಲೇ ವಿಶ್ವ ಚಾಂಪಿಯನ್‌ಶಿಪ್ ಆಯಿತು. ದೊಡ್ಡ ಓಟವೆಂದರೆ 160 ಕಿಲೋಮೀಟರ್, ಹಲವು ಸುತ್ತುಗಳಲ್ಲಿ. ಪ್ರತಿ ಸುತ್ತಿನ ಕೊನೆಗೆ ಪಶುವೈದ್ಯರ ಗೇಟು. ಈ ಓಟಗಳಲ್ಲಿ ಕುದುರೆಗಳು ಕುಸಿದದ್ದು, ಔಷಧಿ ಸಿಕ್ಕಿಬಿದ್ದದ್ದು ಸುದ್ದಿಯಾಗಿದೆ, ನಿಯಮಗಳು ಬಿಗಿಯಾಗಿವೆ. ಬಿಡುವಿದ್ದರೆ ಒಂದು ಶನಿವಾರ ಹೋಗಿ ಬೇಲಿಯ ಹೊರಗೆ ನಿಂತು ನೋಡಿ. ಸವಾರ ಇಳಿಯುತ್ತಿದ್ದಂತೆ ಹುಡುಗರು ಓಡಿ ಬಂದು ಜೀನು ಬಿಚ್ಚಿ ನೀರು ಸುರಿಯುತ್ತಾರೆ. ಅವರಲ್ಲಿ ನಮ್ಮ ದೇಶದವರು, ಪಾಕಿಸ್ತಾನ, ಸುಡಾನಿನವರೂ ಇರುತ್ತಾರೆ. ಆಮೇಲೆ ವೈದ್ಯರು ಎದೆಬಡಿತ ಎಣಿಸುತ್ತಾರೆ, ಸಾಮಾನ್ಯವಾಗಿ ನಿಮಿಷಕ್ಕೆ 64ರ ಒಳಗೆ ಇಳಿದಿರಬೇಕು. ಓಡಿಸಿ ಕುಂಟು ನೋಡುತ್ತಾರೆ. ನಡುವೆ, ಯಾರೂ ಅಷ್ಟಾಗಿ ಗಮನಿಸದ ಅರ್ಧ ನಿಮಿಷದಲ್ಲಿ, ವೈದ್ಯರ ಬೆರಳುಗಳು ಹೆಗಲ ದಿಬ್ಬದಿಂದ ಹೊರಟು ಬೆನ್ನೆಲುಬಿನ ಎರಡು ಪಕ್ಕದಲ್ಲಿ ಒತ್ತುತ್ತಾ ಸೊಂಟದವರೆಗೆ ಹೋಗುತ್ತವೆ, ಕೈ ಹೊಟ್ಟೆಪಟ್ಟಿಯ ಜಾಗಕ್ಕೆ ಇಳಿಯುತ್ತದೆ. ಕುದುರೆ ಹಿಡಿದ ಹುಡುಗ ಅದರ ಕಿವಿಯನ್ನೇ ನೋಡುತ್ತಿರುತ್ತಾನೆ. ವೈದ್ಯರು ಕಾರ್ಡಿನಲ್ಲಿ ಬೆನ್ನಿನ ಮುಂದೆ ಒಂದು ಅಕ್ಷರ ಬರೆದು ಮುಂದಿನ ಕುದುರೆಯನ್ನು ಕರೆಯುತ್ತಾರೆ.